ಸಡಿಲ ನೂಲಿನ ಜಾಣ್ಮೆ

ಹಳೆಯ ಸಿನಿಮಾಗಳಲ್ಲಿ ಗೌನು ತೊಡುತ್ತಿದ್ದವರು ಶ್ರೀಮಂತ ಅಪ್ಪಂದಿರು. ಬಾಯಲ್ಲಿ ಪೈಪು, ಮೈಮೇಲೆ ರೇಷ್ಮೆ, ಬಂಗಲೆಯ ಮೆಟ್ಟಿಲಿಳಿಯುತ್ತಲೇ ಮಗಳ ಪ್ರೇಮಕ್ಕೆ ಅಡ್ಡಗಾಲು. ಆ ಗೌನು ತೋರಿಕೆಯದು. ಸ್ನಾನ ಮುಗಿಸಿ ಬಂದ ಮೈಯ ನೀರು ಹೀರುವ ಬಾತ್‌ರೋಬ್ ಬೇರೆಯೇ ಜಾತಿ. ಹೈದರಾಬಾದಿನ ಮನೆಗಳಲ್ಲಿ ಲುಂಗಿ, ನೈಟಿಗಳದೇ ರಾಜ್ಯ, ನಿಜ. ಆದರೆ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಬಾತ್‌ರೋಬ್ ಸುತ್ತಿಕೊಂಡು ಚಹಾಕ್ಕೆ ಕೂತವರು ಬೇಗ ಏಳುವುದಿಲ್ಲ.

ಇದರ ಬಟ್ಟೆಗೆ ಆ ಊರಿನವರು ಬಹಳ ದೂರ ನೋಡಬೇಕಿಲ್ಲ. ಸುಮಾರು 300 ಕಿಲೋಮೀಟರ್ ಆಚೆ ಸೊಲ್ಲಾಪುರವಿದೆ, ನಮ್ಮ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಅಲ್ಲಿನ ಚಾದರಕ್ಕೂ ಟೆರ್ರಿ ಟವೆಲಿಗೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅದೇ ಟೆರ್ರಿಯಲ್ಲಿ ಬಾತ್‌ರೋಬೂ ಆಗುತ್ತದೆ. ಮಗ್ಗದವರಲ್ಲಿ ಬಹಳ ಮಂದಿ ತೆಲಂಗಾಣದಿಂದ ವಲಸೆ ಹೋದ ಪದ್ಮಶಾಲಿಗಳು. ಮರಾಠಿ, ತೆಲುಗು, ಕನ್ನಡ ಮೂರೂ ಓಡಾಡುವ ಊರದು.

ಮೈತುಂಬ ಕುಣಿಕೆಗಳಿರುವ ಟೆರ್ರಿಯ ಗುಟ್ಟು ಹಾಸಿನಲ್ಲಿ, ಅಂದರೆ ಉದ್ದ ನೂಲುಗಳಲ್ಲಿದೆ. ಮಾಮೂಲಿ ಬಟ್ಟೆಗೆ ಒಂದು ಹಾಸು, ಅಡ್ಡಕ್ಕೆ ಒಂದು ಹೊಕ್ಕು ಸಾಕು. ಇಲ್ಲಿ ಹಾಸು ಎರಡು, ಎರಡು ಬೇರೆ ಉರುಳೆಗಳ ಮೇಲೆ. ಒಂದನ್ನು ವೀಣೆಯ ತಂತಿಯಂತೆ ಬಿಗಿದಿರುತ್ತಾರೆ. ಇನ್ನೊಂದನ್ನು ಬೇಕೆಂದೇ ಸಡಿಲ ಬಿಡುತ್ತಾರೆ. ಹೊಕ್ಕಿನ ಮೊದಲ ಎರಡು ಎಳೆಗಳನ್ನು ಮಗ್ಗದ ಬಾಚಣಿಗೆಯಾದ ಫಣಿ ಪೂರ್ತಿ ತಳ್ಳುವುದಿಲ್ಲ, ನೇಯ್ದ ಅಂಚಿನಿಂದ ತುಸು ಹಿಂದೆಯೇ ನಿಲ್ಲಿಸುತ್ತದೆ. ಮೂರನೆಯ ಎಳೆ ಬಿದ್ದಾಗ ಮೂರನ್ನೂ ಒಟ್ಟಿಗೆ ಬಡಿದು ಅಂಚಿಗೆ ಸೇರಿಸುತ್ತದೆ. ಬಿಗಿ ನೂಲಿನ ಮೇಲೆ ಹೊಕ್ಕು ಜಾರಿ ಮುಂದೆ ಹೋಗುತ್ತದೆ. ಸಡಿಲ ನೂಲು ಅದರ ಜೊತೆಗೇ ಮುಂದೆ ಬಂದು, ಚಾಚಿಕೊಳ್ಳಲು ಜಾಗವಿಲ್ಲದೆ ಮೇಲಕ್ಕೂ ಕೆಳಕ್ಕೂ ಕುಣಿಕೆಯಾಗಿ ಏಳುತ್ತದೆ. ಮೊದಲು ಬಿಟ್ಟ ಆ ತುಸು ಅಂತರವೇ ಕುಣಿಕೆಯ ಎತ್ತರವನ್ನು ನಿರ್ಧರಿಸುತ್ತದೆ. ಸಡಿಲತೆಯನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆದು ಕೊಡುವ ಕೆಲಸ ನನಗೆ ಬೇರೆಲ್ಲೂ ಕಂಡಿಲ್ಲ.

ಈ ಜಾಣ್ಮೆ ಯಂತ್ರಕ್ಕೆ ಬಂದದ್ದು ಆಮೇಲೆ. ತುರ್ಕಿಯಲ್ಲಿ ಕೈಮಗ್ಗದ ಕುಣಿಕೆ ಬಟ್ಟೆ ಕಂಡು ಬೆರಗಾದ ಹೆನ್ರಿ ಕ್ರಿಸ್ಟಿ ಎಂಬ ಆಂಗ್ಲ ಅದರ ಮಾದರಿಯನ್ನು ಇಂಗ್ಲೆಂಡಿಗೆ ಒಯ್ದ. ಯಂತ್ರದಲ್ಲಿ ನೇಯ್ದ ಟವೆಲು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು.

ಹೊಲಿಗೆಯವರಿಗೆ ಈ ಬಟ್ಟೆ ಸುಲಭಕ್ಕೆ ಬಗ್ಗುವುದಿಲ್ಲ. ಕತ್ತರಿ ತಾಗಿದಲ್ಲೆಲ್ಲ ಕುಣಿಕೆಗಳು ಹತ್ತಿಯಂತೆ ಉದುರುತ್ತವೆ, ಹಾಗಾಗಿ ಅಂಚಿಗೆ ಓವರ್‌ಲಾಕ್ ಬೇಕೇ ಬೇಕು. ದಪ್ಪ ಪದರಗಳು ಕೂಡುವ ಕಾಲರಿನಲ್ಲಿ ಸಣ್ಣ ಸೂಜಿ ಮುರಿಯುತ್ತದೆ. ದಪ್ಪ ಸೂಜಿ, ಉದ್ದ ಹೊಲಿಗೆ. ಕತ್ತಿನ ಹಿಂದಿನ ನೇತುಹಾಕುವ ಪುಟ್ಟ ಪಟ್ಟಿಯನ್ನು ಎಳೆದು ನೋಡಿ. ಒಣಗಿದ್ದಾಗಲೇ ಒಂದು ಕಿಲೋ ತೂಗುವ ಬಟ್ಟೆ ನೆನೆದರೆ ಆ ಪಟ್ಟಿಯೇ ಎಲ್ಲ ಭಾರ ಹೊರಬೇಕು. ಒಳ್ಳೆಯ ದರ್ಜಿ ಅದನ್ನು ಕಾಲರಿನ ಹೊಲಿಗೆಯೊಳಗೇ ಸೇರಿಸಿರುತ್ತಾನೆ.

ಮಖಮಲ್ಲಿನಂತೆ ಹೊಳೆಯುವ ರೋಬುಗಳಲ್ಲಿ ಹೊರಮೈಯ ಕುಣಿಕೆಗಳ ತಲೆ ಸವರಿರುತ್ತಾರೆ. ನೋಟಕ್ಕೆ ಚೆನ್ನ, ಆದರೆ ನೀರು ಹೀರುವುದು ಸವರದ ಒಳಮೈ. ಹೈದರಾಬಾದಿನ ಬೇಸಿಗೆಗೆ ಎರಡೂ ಅತಿಯೇ. ಅಲ್ಲಿ ಜೇನುಗೂಡಿನಂಥ ಚೌಕಗಳ ತೆಳು ನೇಯ್ಗೆ ಕೊಳ್ಳುವುದು ಮೇಲು.

ಗಡಸು ನೀರಿನಲ್ಲಿ ಒಗೆದಷ್ಟೂ ಕುಣಿಕೆಗಳು ಸೆಟೆಯುತ್ತವೆ. ಮೆದುವಾಗಲೆಂದು ಸಾಫ್ಟ್‌ನರ್ ಸುರಿಯುವವರುಂಟು. ಅದು ನೂಲಿಗೆ ಪೊರೆಯಂತೆ ಅಂಟಿಕೊಂಡು ಹೀರುವ ಗುಣವನ್ನೇ ಕೆಡಿಸುತ್ತದೆ. ಒಣಹಾಕುವ ಮುಂಚೆ ಜೋರಾಗಿ ಕೊಡವಿದರೆ ಸಾಕು. ಬಳೆಗೋ ಉಂಗುರಕ್ಕೋ ಸಿಕ್ಕಿ ಒಂದು ಕುಣಿಕೆ ಉದ್ದ ಬಂದರೆ ಎಳೆಯಬೇಡಿ, ಬುಡದಲ್ಲಿ ಕತ್ತರಿಸಿ. ಹೊಕ್ಕು ಗಟ್ಟಿಯಾಗಿ ಹಿಡಿದಿರುವುದರಿಂದ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ.