ಪುನರಾಯ್ಕೆಯ ಬಿನ್ನಹ: ಗ್ರಾಮ ಪಂಚಾಯಿತಿ ಸದಸ್ಯತ್ವವನ್ನು ಕುರಿತು ಒಂದು ವಿವೇಚನೆ

೧

ನಮ್ಮ ರಾಜ್ಯಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಚುನಾವಣೆ ಎಂದೊಡನೆ ಲೋಕಸಭೆ, ವಿಧಾನಸಭೆಗಳ ಚುನಾವಣೆಗಳೇ ಪ್ರಸ್ತಾಪಕ್ಕೆ ಬರುತ್ತವೆ. ಪಕ್ಷಗಳ ಪ್ರಣಾಳಿಕೆ, ಮುಖಂಡರ ಭಾಷಣ, ಮತಗಳ ಶೇಕಡಾವಾರು ಲೆಕ್ಕ ಇವುಗಳ ಪರಿಶೀಲನೆ ಬೇಕಾದಷ್ಟು ನಡೆದಿದೆ. ಆದರೆ ಐದು ವರ್ಷ ಪಂಚಾಯಿತಿಯಲ್ಲಿ ಕುಳಿತೆದ್ದ ಸದಸ್ಯನೊಬ್ಬನು ಮತ್ತೆ ಅವೇ ಮನೆಗಳ ಜಗುಲಿಯ ಮುಂದೆ ನಿಂತು, 'ಇನ್ನೊಂದು ಸಲ ಕೈ ಹಿಡಿಯಿರಿ' ಎಂದು ಕೇಳಿಕೊಳ್ಳುವ ಪ್ರಸಂಗವನ್ನು ವಿದ್ವಾಂಸರು ವಿಶೇಷವಾಗಿ ಗಮನಿಸಿದಂತೆ ತೋರದು. ಪ್ರಜಾಪ್ರಭುತ್ವದಲ್ಲಿ ಕೊಟ್ಟವರೂ ಪಡೆದವರೂ ಮುಖಾಮುಖಿಯಾಗಿ ನಿಂತು ಲೆಕ್ಕ ಒಪ್ಪಿಸಿಕೊಳ್ಳುವ ಸಮಯ ಇದೊಂದೇ. ಆದಕಾರಣ ಈ ಬಿನ್ನಹದ ಸ್ವರೂಪವೇನು, ಅದರಲ್ಲಿ ಸತ್ಯಾಂಶವೆಷ್ಟು, ಮತದಾರನು ಅದನ್ನು ಯಾವ ಮಾನದಿಂದ ಅಳೆಯಬೇಕು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ವಿಷಯವು ಬರಿಯ ತತ್ತ್ವವಾಗಿ ಉಳಿಯಬಾರದೆಂದು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯನ್ನೂ ಅದರ ಸುತ್ತಣ ತೆಂಗಿನ ಸೀಮೆಯನ್ನೂ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ. ಯಾವೊಬ್ಬ ಸದಸ್ಯರ ನಡೆಯನ್ನೂ ವಿಮರ್ಶಿಸುವುದು ನಮ್ಮ ಉದ್ದೇಶವಲ್ಲ. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ಜನರ ಬದುಕು ತೆಂಗಿನ ಮರವನ್ನು ನಂಬಿಕೊಂಡಿದೆ. ಮರವು ನೆಲದಡಿಯ ನೀರನ್ನು ನಂಬಿಕೊಂಡಿದೆ. ಸದಸ್ಯನ ಮಾತಿನ ತೂಕವನ್ನು ಪರೀಕ್ಷಿಸಲು ಇಂತಹ ಸೀಮೆ ತಕ್ಕುದಾದುದು.

೨

ಮೊದಲು ಈ ಪದವಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. ಮೈಸೂರು ರಾಜ್ಯದ ೧೯೫೯ರ ಗ್ರಾಮ ಪಂಚಾಯಿತಿ ಕಾಯಿದೆಯಿಂದ ಹಿಡಿದು ಇಂದಿನವರೆಗೆ ಅದು ಹಲವು ಮಾರ್ಪಾಡುಗಳನ್ನು ಕಂಡಿದೆ. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ರೂಪುಗೊಂಡ ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಸ್ತ್ರೀಯರಿಗೆ ನಾಲ್ಕನೆಯ ಒಂದು ಭಾಗದ ಸ್ಥಾನಗಳು ಮೀಸಲಾದುವು. ಸಂವಿಧಾನದ ೭೩ನೆಯ ತಿದ್ದುಪಡಿಯ ತರುವಾಯ ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಬಂದಿತು. ಅದರ ಪ್ರಕಾರ ಸುಮಾರು ೪೦೦ ಜನಸಂಖ್ಯೆಗೆ ಒಬ್ಬ ಸದಸ್ಯ. ಅವಧಿ ೫ ವರ್ಷ. ಕನಿಷ್ಠ ವಯಸ್ಸು ೨೧. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಸ್ತ್ರೀಯರ ಮೀಸಲು ಮೊದಲು ಮೂರನೆಯ ಒಂದು ಭಾಗವಿದ್ದು, ೨೦೧೦ರ ತಿದ್ದುಪಡಿಯಿಂದ ಅರ್ಧಕ್ಕೆ ಏರಿತು.

ನಾನೂರು ಜನರಿಗೊಬ್ಬ ಪ್ರತಿನಿಧಿ ಎಂಬ ಈ ಪ್ರಮಾಣವನ್ನು ಗಮನಿಸಬೇಕು. ಶಾಸಕನನ್ನು ಮತದಾರನು ಸಭೆಯಲ್ಲಿ ಕಾಣುತ್ತಾನೆ. ಪಂಚಾಯಿತಿ ಸದಸ್ಯನನ್ನಾದರೋ ಹಾಲಿನ ಡೈರಿಯ ಮುಂದೆ, ಮದುವೆಯ ಚಪ್ಪರದಲ್ಲಿ, ಸಾವಿನ ಮನೆಯಲ್ಲಿ ದಿನವೂ ಕಾಣುತ್ತಾನೆ. ಚಿಹ್ನೆಯ ಮರೆಯಾಗಲಿ ನಾಯಕರ ಹೆಸರಿನ ಆಸರೆಯಾಗಲಿ ಕಾಯಿದೆಯ ದೃಷ್ಟಿಯಲ್ಲಿ ಅವನಿಗಿಲ್ಲ. ಪಕ್ಷಗಳು ತೆರೆಯ ಹಿಂದೆ ನಿಂತು 'ಬೆಂಬಲಿತ' ಅಭ್ಯರ್ಥಿಗಳನ್ನು ನಿಲ್ಲಿಸುವುದು ಸರ್ವವಿದಿತವಾದರೂ, ಮತ ಕೇಳುವಾಗ ಸದಸ್ಯನು ತನ್ನ ಹೆಸರಿನಲ್ಲಿಯೇ ಕೇಳಬೇಕಾಗುತ್ತದೆ.

೩

ಈಗ ಬಿನ್ನಹದ ಒಳಗನ್ನು ಪ್ರವೇಶಿಸೋಣ. ಮೊದಲ ಸಲ ನಿಂತವನ ಮಾತು ಭವಿಷ್ಯತ್ಕಾಲದ್ದು: ಮಾಡುತ್ತೇನೆ, ತರುತ್ತೇನೆ. ಮರಳಿ ನಿಂತವನ ಮಾತು ಭೂತಕಾಲದ್ದು: ಚರಂಡಿ ಮಾಡಿಸಿದೆ, ಬೀದಿದೀಪ ಹಾಕಿಸಿದೆ, ಕೊಳವೆಬಾವಿ ಕೊರೆಸಿದೆ, ಇಷ್ಟು ಜನಕ್ಕೆ ಮನೆ ಮಂಜೂರು ಮಾಡಿಸಿದೆ. ಈ ವಾಕ್ಯಗಳಲ್ಲಿ ಕರ್ತೃಪದ ಯಾವಾಗಲೂ 'ನಾನು'. ಕಾಯಿದೆಯಲ್ಲಿಯಾದರೋ ಈ 'ನಾನು' ಎಂಬುದಕ್ಕೆ ಎಡೆಯೇ ಇಲ್ಲ. ಒಬ್ಬಂಟಿಯಾದ ಸದಸ್ಯನು ಒಂದು ದೀಪವನ್ನೂ ಹಾಕಿಸಲಾರನು. ಒಂದು ರೂಪಾಯಿಗೂ ಸಹಿ ಮಾಡಲಾರನು. ಕ್ರಿಯಾಯೋಜನೆಯನ್ನು ಒಪ್ಪುವುದು ಪಂಚಾಯಿತಿಯ ಸಭೆ. ಫಲಾನುಭವಿಗಳನ್ನು ಆರಿಸಬೇಕಾದುದು ಗ್ರಾಮಸಭೆ. ಕಾರ್ಯಗತಗೊಳಿಸುವುದು ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಗಳೂ. ಸದಸ್ಯನ ನಿಜವಾದ ಶಕ್ತಿಗಳು ಮೂರೇ: ಸಭೆಯಲ್ಲಿ ಪ್ರಶ್ನಿಸುವುದು, ನಿರ್ಣಯಕ್ಕೆ ಮತ ನೀಡುವುದು, ತನ್ನ ಕ್ಷೇತ್ರದ ಕೊರತೆಯನ್ನು ನಡಾವಳಿಯಲ್ಲಿ ಬರೆಯಿಸುವುದು.

ಹಣದ ವಿಷಯದಲ್ಲಿಯೂ ಹೀಗೆಯೇ. ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಪಂಚಾಯಿತಿಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ ೬೦ ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟುಬಿದ್ದಿತ್ತು. ಉಳಿದ ೪೦ ಭಾಗದಲ್ಲಿ ಮಾತ್ರ ಸಭೆಯ ಇಚ್ಛೆಗೆ ಹೆಚ್ಚಿನ ಆಸ್ಪದವಿತ್ತು. ಹೀಗಿರುವಾಗ ನೀರಿನ ಕಾಮಗಾರಿಯೊಂದನ್ನು ಸದಸ್ಯನು ತನ್ನ ಔದಾರ್ಯವೆಂಬಂತೆ ವರ್ಣಿಸುವುದು ಸಲ್ಲದು. ಅದು ಆ ಕ್ಷೇತ್ರದ ಜನಕ್ಕೆ ನ್ಯಾಯವಾಗಿ ಬರಬೇಕಾಗಿದ್ದ ಪಾಲು.

ಇನ್ನು, ಈ ಸೀಮೆಯ ಜನ ಮನಸ್ಸಿಗೆ ಹಚ್ಚಿಕೊಂಡಿರುವ ದೊಡ್ಡ ಬೇಡಿಕೆಗಳು ಎರಡು: ಕೆರೆಗಳಿಗೆ ಹೇಮಾವತಿಯ ನೀರು, ಕೊಬ್ಬರಿಗೆ ನ್ಯಾಯವಾದ ಬೆಲೆ. ಇವೆರಡೂ ಗ್ರಾಮ ಪಂಚಾಯಿತಿಯ ಕೈಗೆ ಎಟುಕುವಂಥವಲ್ಲ. ನದಿಯ ನೀರಿನ ಹಂಚಿಕೆ ರಾಜ್ಯ ಸರ್ಕಾರದ್ದು. ಬೆಂಬಲ ಬೆಲೆ ಸಾರುವುದು ಕೇಂದ್ರ ಸರ್ಕಾರ. ದಿನದಿನದ ದರ ತಿಪಟೂರಿನ ಮಾರುಕಟ್ಟೆಯ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ೪೦ ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟುಳ್ಳ ಕೆರೆಗಳು ಕೂಡ ಸಣ್ಣ ನೀರಾವರಿ ಇಲಾಖೆಯ ಅಧೀನದಲ್ಲಿವೆ. ಇವುಗಳಿಗಾಗಿ ಸದಸ್ಯನು ಊರಿನ ಪರವಾಗಿ ದನಿಯೆತ್ತಬಹುದು. ತಾನೇ ತರುವೆನೆಂದು ಭಾಷೆ ಕೊಟ್ಟರೆ, ತನ್ನದಲ್ಲದ ಗಂಟನ್ನು ದಾನ ಮಾಡಿದಂತಾಗುತ್ತದೆ.

೪

ಹಾಗಾದರೆ ಸದಸ್ಯನು ಮಾಡಬಹುದಾದ ಕೆಲಸ ಅಲ್ಪವೆ? ಅಲ್ಲ. ಇಲ್ಲಿಯೇ ನಮ್ಮ ವಿವೇಚನೆಯ ಮುಖ್ಯಾಂಶವಿದೆ.

ತಿಪಟೂರು ಸೀಮೆಯ ಎತ್ತರ ತಳಿಯ ತೆಂಗು ಮೊದಲ ಹೊಂಬಾಳೆ ಬಿಡುವುದಕ್ಕೆ ಸಾಮಾನ್ಯವಾಗಿ ಆರೇಳು ವರ್ಷ ಬೇಕು. ತುಂಬು ಫಸಲಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಆಮೇಲೆ ಅದು ಅರುವತ್ತು ವರ್ಷಗಳಿಗೂ ಮೀರಿ ಫಲ ಕೊಡುವುದುಂಟು. ಸದಸ್ಯನ ಅವಧಿಯೋ ಐದೇ ವರ್ಷ. ಅವನು ಆಯ್ಕೆಯಾದ ದಿನ ನೆಟ್ಟ ಸಸಿ, ಅವನು ಮರಳಿ ಮತ ಕೇಳಲು ಬಂದಾಗ ಇನ್ನೂ ಬರಿಯ ಗರಿಯನ್ನೇ ಬಿಡುತ್ತಿರುತ್ತದೆ. ಪಂಚಾಯಿತಿಯ ಕೆಲಸಗಳಲ್ಲಿಯೂ ಇಂತಹ ಎರಡು ಜಾತಿಗಳಿವೆ. ಕಾಂಕ್ರೀಟು ರಸ್ತೆ, ದೀಪ, ಹೊಸ ಕೊಳವೆಬಾವಿ ಇವು ಮಾಡಿದ ವರ್ಷವೇ ಕಣ್ಣಿಗೆ ಕಾಣುವಂಥವು. ಹೂಳೆತ್ತುವುದು, ಹಳ್ಳಕ್ಕೆ ತಡೆ ಕಟ್ಟುವುದು, ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸುವುದು, ಗೋಮಾಳದಲ್ಲಿ ಮರ ಬೆಳೆಸುವುದು ಇವುಗಳ ಫಲ ತಡವಾಗಿ, ಹಂಚಿಹೋಗಿ, ಯಾರು ಮಾಡಿದರೆಂದು ಜನ ಮರೆತ ಮೇಲೆ ಬರುತ್ತದೆ.

ಒತ್ತುವರಿ ಬಿಡಿಸಿದ ಸದಸ್ಯನಿಗೆ ಒಂದು ಮನೆಯ ವೈರ ಅಂದೇ ಲಭಿಸುತ್ತದೆ. ಊರಿನ ಕೃತಜ್ಞತೆ ಲಭಿಸಬೇಕಾದರೆ ಒಳ್ಳೆಯ ಮಳೆಯೊಂದು ಬರಬೇಕು. ನಾನೂರು ಜನರ ಕ್ಷೇತ್ರದಲ್ಲಿ ಒಂದು ಮನೆತನದ ಮತಗಳೇ ಸೋಲುಗೆಲುವನ್ನು ನಿರ್ಧರಿಸಬಲ್ಲವು. ಆದ್ದರಿಂದ ಪುನರಾಯ್ಕೆಯ ಆಸೆಯುಳ್ಳ ವಿವೇಕಿಯಾದ ಸದಸ್ಯನು ಕಾಲುವೆಯ ತಂಟೆಗೆ ಹೋಗದೆ ಮತ್ತೊಂದು ಕೊಳವೆಬಾವಿಯನ್ನು ಕೇಳುತ್ತಾನೆ. ಇದರಲ್ಲಿ ಅವನ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಮತದಾರನು ಯಾವುದಕ್ಕೆ ಮೆಚ್ಚುಗೆ ಕೊಡುತ್ತಾನೋ ಅದನ್ನೇ ಅವನು ಬೆಳೆಯುತ್ತಾನೆ. ಆದರೆ ಪರಿಣಾಮವನ್ನು ಅನುಭವಿಸುವುದು ತೋಟ. ಬಾವಿಗಳು ಆಳವಾದಷ್ಟೂ ಅಂತರ್ಜಲ ಕುಸಿಯುತ್ತದೆ. ಬರಗಾಲದಲ್ಲಿ ಸುಳಿಯೊಣಗಿದ ಮರವನ್ನು ಯಾವ ಅನುದಾನವೂ ಮತ್ತೆ ನಿಲ್ಲಿಸಲಾರದು.

೫

ಪುನರಾಯ್ಕೆಗೆ ಇನ್ನೊಂದು ತೊಡಕೆಂದರೆ ಮೀಸಲಾತಿಯ ಸರದಿ. ಅನುಸೂಚಿತ ಜಾತಿ, ಅನುಸೂಚಿತ ಪಂಗಡ, ಹಿಂದುಳಿದ ವರ್ಗ, ಮಹಿಳೆ ಎಂದು ಸ್ಥಾನಗಳು ಕ್ಷೇತ್ರದಿಂದ ಕ್ಷೇತ್ರಕ್ಕೆ ಸರದಿಯಂತೆ ಬದಲಾಗುತ್ತವೆ. ಬಹುಕಾಲ ಹೊರಗೆ ನಿಂತವರನ್ನು ಒಳಕ್ಕೆ ಕರೆತಂದ ಈ ಏರ್ಪಾಡಿನ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಇದರಿಂದ, ಚೆನ್ನಾಗಿ ದುಡಿದ ಸದಸ್ಯನಿಗೂ ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲುವ ಅವಕಾಶ ತಪ್ಪಬಹುದು. ದುಡಿಯದವನು ಜನರ ತೀರ್ಪಿಗೆ ಒಳಗಾಗದೆ ಪಾರಾಗಲೂಬಹುದು. ಸ್ಥಾನ ಮಹಿಳೆಗೆ ಬಂದಾಗ ಪತ್ನಿಯನ್ನೋ ಸೊಸೆಯನ್ನೋ ನಿಲ್ಲಿಸಿ ತನ್ನ ಸಾಧನೆಯನ್ನು ಹೇಳಿಕೊಂಡು ತಿರುಗುವವರುಂಟು. ಇದಕ್ಕೆ ಪ್ರತಿಯಾಗಿ, ಮೀಸಲು ಸ್ಥಾನದಲ್ಲಿ ಗೆದ್ದು ಕೆಲಸ ಕಲಿತ ಮಹಿಳೆಯು, ಸ್ಥಾನ 'ಸಾಮಾನ್ಯ' ಎಂದಾದೊಡನೆ ಮನೆಗೆ ಮರಳಬೇಕೆಂಬ ಭಾವನೆಯೂ ಉಂಟು. ಇದು ತಪ್ಪು ತಿಳಿವಳಿಕೆ. ಸಾಮಾನ್ಯ ಸ್ಥಾನವೆಂದರೆ ಪುರುಷರ ಸ್ಥಾನವಲ್ಲ. ಅಲ್ಲಿ ಪುನರಾಯ್ಕೆಯನ್ನು ಕೋರುವ ಪೂರ್ಣ ಹಕ್ಕು ಆಕೆಗಿದೆ.

ಇದಕ್ಕಿಂತ ಹೆಚ್ಚಿನ ಅಪಾಯವೆಂದರೆ ಬಿನ್ನಹವೇ ಇಲ್ಲದ ಆಯ್ಕೆ. ೨೦೨೦ರ ಡಿಸೆಂಬರ್ ತಿಂಗಳ ೨೨ ಮತ್ತು ೨೭ರಂದು ನಡೆದ ಚುನಾವಣೆಗಳ ಕಾಲದಲ್ಲಿ, ರಾಜ್ಯದ ಕೆಲವೆಡೆ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದು, ಚುನಾವಣಾ ಆಯೋಗವು ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ಹಣ ದೇವಸ್ಥಾನಕ್ಕೇ ಹೋಗಲಿ, ಕೊಂಡುಕೊಂಡವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂಬುದೇ ಅದರ ದೋಷ.

೬

ಪುನರಾಯ್ಕೆಯ ಬಿನ್ನಹಗಳ ಚರಿತ್ರೆಯಲ್ಲಿ ಪ್ರಸಿದ್ಧವಾದುದು ಎಡ್ಮಂಡ್ ಬರ್ಕ್ ೧೭೮೦ರಲ್ಲಿ ಬ್ರಿಸ್ಟಲ್ ನಗರದ ಮತದಾರರ ಮುಂದೆ ಮಾಡಿದ ಭಾಷಣ. ಆರು ವರ್ಷ ಆ ನಗರದ ಪ್ರತಿನಿಧಿಯಾಗಿದ್ದ ಬರ್ಕ್, ಐರ್ಲೆಂಡಿನ ವ್ಯಾಪಾರಕ್ಕೆ ಅನುಕೂಲ ಕೋರಿದುದು, ಕ್ಯಾಥೊಲಿಕರ ಮೇಲಿನ ನಿರ್ಬಂಧಗಳ ಸಡಿಲಿಕೆಯನ್ನು ಬೆಂಬಲಿಸಿದುದು ಮೊದಲಾಗಿ ತನ್ನ ಮೇಲಿದ್ದ ಆಪಾದನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರವಿತ್ತನು. ತಾನು ಕೊಡಿಸಿದ ಸವಲತ್ತುಗಳ ಪಟ್ಟಿಯನ್ನು ಓದದೆ, ಕೊಟ್ಟ ಮತಗಳಿಗೆ ಕಾರಣ ಹೇಳಿದನು. ಗೆಲುವು ಅಸಾಧ್ಯವೆಂದು ಕಂಡಾಗ ಸ್ಪರ್ಧೆಯಿಂದ ಹಿಂದೆ ಸರಿದನು. ಸೋತವನ ಮೇಲ್ಪಂಕ್ತಿ ಏಕೆಂದು ಕೇಳಬಹುದು. ಬಿನ್ನಹವು ಹೇಗಿರಬೇಕೆಂಬುದನ್ನು ಆ ಸೋಲೂ ಕಲಿಸುತ್ತದೆ. ಸತ್ಯವಾದ ಲೆಕ್ಕವನ್ನು ಕೇಳುವ ಮತದಾರರಿಲ್ಲದಿದ್ದರೆ ಅದನ್ನು ಒಪ್ಪಿಸುವವರೂ ಉಳಿಯುವುದಿಲ್ಲವೆಂಬುದನ್ನೂ ಕಲಿಸುತ್ತದೆ.

ನಮ್ಮ ಹಳ್ಳಿಯ ಮತದಾರನಿಗೆ ಲೆಕ್ಕ ಕೇಳುವ ಸಾಧನಗಳು ಇಲ್ಲದೆ ಇಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆ ಸೇರಬೇಕು. ವರ್ಷವರ್ಷವೂ ಜಮಾಬಂದಿ ನಡೆದು ಪಂಚಾಯಿತಿಯ ಜಮಾ ಖರ್ಚು ಜನರ ಮುಂದೆ ಬರಬೇಕು. ನಡಾವಳಿಯ ಪ್ರತಿಯನ್ನು ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ಯಾರಾದರೂ ಕೇಳಿ ಪಡೆಯಬಹುದು. ಆದ್ದರಿಂದ ಬಾಗಿಲಿಗೆ ಬಂದ ಸದಸ್ಯನನ್ನು 'ಏನು ಕೊಡಿಸಿದಿರಿ' ಎಂದು ಕೇಳುವುದಕ್ಕಿಂತ, ಎಷ್ಟು ಸಭೆಗಳಿಗೆ ಹೋದಿರಿ, ನಮ್ಮ ಬೇಡಿಕೆಯನ್ನು ಯಾವ ನಡಾವಳಿಯಲ್ಲಿ ಬರೆಯಿಸಿದಿರಿ, ಕೆರೆಗೂ ಹಳ್ಳಕ್ಕೂ ಕ್ರಿಯಾಯೋಜನೆಯಲ್ಲಿ ಎಷ್ಟು ಪಾಲು ಇಡಿಸಿದಿರಿ ಎಂದು ಕೇಳುವುದು ಮೇಲು. ಮೀಸಲಾತಿಯ ಸರದಿಯಿಂದ ಮತ್ತೆ ನಿಲ್ಲಲಾರದ ಸದಸ್ಯನಿಂದಲೂ ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳಬಹುದು.

ತೆಂಗಿನ ಸೀಮೆಯ ರೈತನಿಗೆ ಕಾಯುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಅಲುಗಿಸಿ, ಒಳಗೆ ಉಂಡೆಯ ಸದ್ದು ಕೇಳಿದ ಮೇಲೆಯೇ ಸುಲಿಯುವವನು ಅವನು. ತನ್ನ ಪ್ರತಿನಿಧಿಯ ಕೆಲಸವನ್ನೂ ಅವನು ಅಷ್ಟೇ ತಾಳ್ಮೆಯಿಂದ ಪರೀಕ್ಷಿಸುವುದಾದರೆ, ತಡವಾಗಿ ಫಲಿಸುವ ಕೆಲಸಕ್ಕೆ ಕೈ ಹಾಕುವ ಧೈರ್ಯ ಸದಸ್ಯನಿಗೂ ಬಂದೀತು. ಪುನರಾಯ್ಕೆಯ ಬಿನ್ನಹವನ್ನು ತಿದ್ದಬಲ್ಲ ಶಕ್ತಿ ಅದನ್ನು ಮಾಡುವವನಿಗಿಂತ ಕೇಳುವವನಲ್ಲಿಯೇ ಹೆಚ್ಚಾಗಿದೆ ಎಂಬುದು ನಮ್ಮ ಅಭಿಪ್ರಾಯ.