ಗುಂಡಿ ಒತ್ತಿದರೆ ಪ್ರೀತಿ ಬರುತ್ತಾ?

ಹುಡುಗ, ಹುಡುಗಿ ಮೊದಲ ಸಲ ಊಟಕ್ಕೆ ಅಂತ ಎದುರುಬದುರು ಕೂತಿದ್ದಾರೆ. ಇಬ್ಬರಿಗೂ ಸಂಕೋಚ. ಆಗ ನಿಮ್ಮ ಫೋನಿನ ಪರದೆ ಮೇಲೆ ಒಂದು ಖಾಲಿ ಮಾತಿನ ಗುಳ್ಳೆ ಮೂಡುತ್ತದೆ. ಕಾಮಿಕ್ಸ್‌ನಲ್ಲಿ ಇರುತ್ತಲ್ಲ, ಅಂಥದ್ದು. ಕೆಳಗೆ ಚಿಕ್ಕ ಚಿಕ್ಕ ತುಂಡುಗಳು. ಅವನ್ನು ಸರಿಯಾಗಿ ಜೋಡಿಸಿದರೆ ಹುಡುಗಿ ಒಂದು ಮಾತು ಆಡಿದ ಹಾಗೆ. ಏನು ಆಡಿದಳು ಅಂತ ಆಟ ಹೇಳುವುದೇ ಇಲ್ಲ! ಹುಡುಗ ಉತ್ತರ ಕೊಡುತ್ತಾನೆ, ಮತ್ತೆ ನಿಮ್ಮ ಸರದಿ. ಹೀಗೇ ಮುಂದುವರಿದಂತೆ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಜೋಡಿಸುವ ಕಷ್ಟವೇ ಇಲ್ಲ, ಮುಟ್ಟಿದರೆ ಸಾಕು, ಮಾತು ತಾನಾಗಿ ಹರಿಯುತ್ತದೆ. ಒಂದೇ ಒಂದು ಸಂಭಾಷಣೆಯ ಸಾಲಿಲ್ಲ, ಆದರೂ ಇಬ್ಬರ ನಡುವೆ ಸಲುಗೆ ಬೆಳೆದದ್ದು ನಮ್ಮ ಬೆರಳಿಗೇ ಗೊತ್ತಾಗಿಬಿಡುತ್ತದೆ.

ಇದು 2018ರಲ್ಲಿ ಬಂದ 'ಫ್ಲಾರೆನ್ಸ್' ಎಂಬ ಪುಟ್ಟ ಗೇಮ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 'ಮಾನ್ಯುಮೆಂಟ್ ವ್ಯಾಲಿ' ಖ್ಯಾತಿಯ ಕೆನ್ ವಾಂಗ್ ಮತ್ತು ಅವರ ಮೌಂಟನ್ಸ್ ತಂಡ ಮಾಡಿದ್ದು. ನಾಯಕಿ 25ರ ಫ್ಲಾರೆನ್ಸ್, ನಾಯಕ ಚೆಲ್ಲೊ ನುಡಿಸುವ, ಭಾರತೀಯ ಮೂಲದ ಕ್ರಿಷ್. ಮುಂದೆ ಇವರಿಬ್ಬರೂ ಜಗಳ ಆಡುವಾಗ ಅದೇ ತುಂಡುಗಳಿಗೆ ಚೂಪು ಅಂಚು ಬರುತ್ತದೆ. ಅವನಿಗಿಂತ ಮೊದಲು ಮಾತು ಮುಗಿಸಬೇಕು ಅಂತ ನಾವು ಗಡಿಬಿಡಿಯಲ್ಲಿ ಜೋಡಿಸುತ್ತೇವೆ. ಗಂಡ ಹೆಂಡತಿ ಜಗಳ ಆಡುವಾಗ ಆಗುವುದು ಇದೇ ಅಲ್ವಾ? ಕೇಳಿಸಿಕೊಳ್ಳುವುದು ಯಾರಿಗೂ ಬೇಡ, ಹೇಳಿ ಮುಗಿಸುವುದೇ ಅವಸರ.

ಗೇಮ್ ಅಂದರೆ ಬರೀ ಗುಂಡು ಹಾರಿಸೋದು, ಕಾರು ಓಡಿಸೋದು ಅಂದುಕೊಂಡವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಆದರೆ ಇವತ್ತಿನ ದೊಡ್ಡ ದೊಡ್ಡ ಗೇಮ್‌ಗಳಲ್ಲಿ ಪ್ರೇಮ ಒಂದು ಮುಖ್ಯ ಎಳೆ. ಅದನ್ನು ಬರೆಯಲೆಂದೇ ಲೇಖಕರಿದ್ದಾರೆ. ಮತ್ತು ಅವರ ಕಷ್ಟ ಕಾದಂಬರಿಕಾರರ ಕಷ್ಟಕ್ಕಿಂತ ಬೇರೆ.

ವಾರ ವಾರ ಧಾರಾವಾಹಿಗೆ ಕಾದು ಕೂತವರಿಗೆ ಗೊತ್ತು, ಅವರಿಬ್ಬರೂ ಯಾವಾಗ ಒಂದಾಗ್ತಾರೋ ಅನ್ನುವ ತಳಮಳದಲ್ಲೇ ಅರ್ಧ ಸುಖ. ಅಲ್ಲಿ ಹಗ್ಗ ಇರುವುದು ಲೇಖಕಿಯ ಕೈಯಲ್ಲಿ. ಬೇಕಾದಾಗ ಬಿಗಿ ಮಾಡುತ್ತಾಳೆ, ಬೇಕಾದಾಗ ಸಡಿಲ ಬಿಡುತ್ತಾಳೆ. ಗೇಮ್‌ನಲ್ಲಿ ಹಾಗಲ್ಲ. ಇಬ್ಬರಲ್ಲಿ ಒಬ್ಬರು ನೀವೇ! ನಿಮಗೆ ಕಾಯುವ ಅಭ್ಯಾಸ ಇಲ್ಲ, ಗೆಲ್ಲುವ ಅಭ್ಯಾಸ ಇದೆ. ಎದುರಿಗೆ ಒಬ್ಬಳು ಚೆಲುವೆ ಬಂದಳು ಅಂದರೆ, ಇವಳನ್ನು ಒಲಿಸಲು ಏನು ಮಾಡಬೇಕು, ಎಷ್ಟು ಪಾಯಿಂಟು ಬೇಕು ಅಂತ ತಲೆ ಓಡುತ್ತದೆ. ಅಲ್ಲಿಗೆ ಪ್ರೀತಿ ಮುಗಿಯಿತು, ಲೆಕ್ಕ ಶುರುವಾಯಿತು.

ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' (2016) ನನಗೆ ಬಹಳ ಇಷ್ಟದ ಬೇಸಾಯದ ಆಟ. ಅದರಲ್ಲೂ ಈ ಲೆಕ್ಕ ಇದೆ. ಊರಿನ ಪ್ರತಿಯೊಬ್ಬರಿಗೂ ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ಹೇಲಿಗೆ ಸೂರ್ಯಕಾಂತಿ, ಶೇನ್‌ಗೆ ಪಿಜ್ಜಾ. ಎಂಟು ಹೃದಯ ತುಂಬಿದರೆ ಹೂಗುಚ್ಛ, ಹತ್ತು ತುಂಬಿದರೆ ಮದುವೆಯ ಪದಕ. ನಾಣ್ಯ ಹಾಕಿದರೆ ಚೀಟಿ ಬರುವ ತೂಕದ ಯಂತ್ರದ ಹಾಗೆ! ಆದರೆ ಅದೇ ಆಟದಲ್ಲಿ ಒಂದು ಮಳೆಯ ದಿನ ಶೇನ್ ಕಂಠಪೂರ್ತಿ ಕುಡಿದು ಬಂಡೆಯ ಅಂಚಿನಲ್ಲಿ ಬಿದ್ದಿರುತ್ತಾನೆ, ಬದುಕೇ ಬೇಡ ಅನ್ನುತ್ತಾನೆ. ಆಗ ಯಾವ ಪಿಜ್ಜಾನೂ ಕೆಲಸಕ್ಕೆ ಬರಲ್ಲ. ಅಷ್ಟು ದಿನ ಹೃದಯ ಎಣಿಸುತ್ತಿದ್ದವರು ಎಣಿಕೆ ಮರೆಯುವುದು ಅಲ್ಲಿ.

ಇದಕ್ಕಿಂತ ಕೆಟ್ಟ ಲೆಕ್ಕವೂ ಇತ್ತು. ಪೋಲೆಂಡಿನ 'ದಿ ವಿಚರ್' 2007ರಲ್ಲಿ ಬಂದಾಗ, ನಾಯಕ ಗೆರಾಲ್ಟ್ ಹೆಂಗಸೊಬ್ಬಳ ಜೊತೆ ರಾತ್ರಿ ಕಳೆದರೆ ಆಟಗಾರನಿಗೆ ಅವಳ ಚಿತ್ರ ಇರುವ ಒಂದು ಕಾರ್ಡು ಸಿಗುತ್ತಿತ್ತು. ಸಿಗರೇಟ್ ಪ್ಯಾಕು, ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದ ಹುಡುಗರ ಹಾಗೆ ಕೂಡಿಸುತ್ತಾ ಹೋಗುವುದು. ಅದೇ ಸರಣಿಯ ಮೂರನೇ ಆಟ 2015ರಲ್ಲಿ ಬಂತು. ಇದರಲ್ಲಿ ಟ್ರಿಸ್, ಯೆನ್ನೆಫರ್ ಇಬ್ಬರಿಗೂ ಪ್ರತ್ಯೇಕವಾಗಿ 'ನಿನ್ನನ್ನೇ ಪ್ರೀತಿಸ್ತೀನಿ' ಅಂದು ಬಂದರೆ ಏನಾಗುತ್ತದೆ ಗೊತ್ತಾ? ಇಬ್ಬರೂ ಸೇರಿ ಮಾತಾಡಿಕೊಂಡು, ಆಸೆ ತೋರಿಸಿ, ಅವನನ್ನು ಮಂಚಕ್ಕೆ ಕಟ್ಟಿಹಾಕಿ, ನಗುತ್ತಾ ಎದ್ದು ಹೋಗುತ್ತಾರೆ. ಕೊನೆಗೆ ಇಬ್ಬರೂ ಇಲ್ಲ. ಎಂಟು ವರ್ಷದಲ್ಲಿ ಬರೆಯುವವರು ಎಲ್ಲಿಂದ ಎಲ್ಲಿಗೆ ಬಂದರು ನೋಡಿ!

ಹೆಣ್ಣಾಗಲಿ ಗಂಡಾಗಲಿ, ಎದುರಿನ ಪಾತ್ರಕ್ಕೆ ತನ್ನದೇ ಮನಸ್ಸಿದೆ, ಅದು 'ಇಲ್ಲ' ಅನ್ನಬಹುದು ಅನ್ನಿಸಿದಾಗಲೇ ಎದೆ ಢವಢವ ಅನ್ನೋದು. ಸಿಕ್ಕೇ ಸಿಗುತ್ತದೆ ಅಂತ ಖಾತ್ರಿ ಇರುವ ಕಡೆ ಯಾವ ಢವಢವ?

'ಮಾಸ್ ಎಫೆಕ್ಟ್' ಕಥೆ ಇನ್ನೂ ಮಜಾ. 2007ರ ಮೊದಲ ಆಟದಲ್ಲಿ ಗ್ಯಾರಸ್ ಅನ್ನುವ ಅನ್ಯಗ್ರಹದ ಸಿಪಾಯಿ ನಾಯಕಿ ಶೆಪರ್ಡ್‌ಗೆ ಬರೀ ಗೆಳೆಯ. ಮುಖ ಹಕ್ಕಿಯಂತೆ, ಚರ್ಮ ಲೋಹದ ತಗಡಿನಂತೆ. ಇವನ ಜೊತೆ ಪ್ರೇಮ ಅಂತ ಯಾರೂ ಯೋಚಿಸಿರಲಿಲ್ಲ, ಆಡುವವರು ಮಾತ್ರ ಯೋಚಿಸಿದ್ದರು! ಅವರ ಒತ್ತಾಯಕ್ಕೆ 2010ರ ಎರಡನೇ ಆಟದಲ್ಲಿ ಬರೆದರು. ಯುದ್ಧದಲ್ಲಿ ಹುಲಿಯಂಥವನು, ಆ ರಾತ್ರಿ ವೈನ್ ಬಾಟಲಿ ಹಿಡಿದು ಅವಳ ಕೋಣೆಗೆ ಬಂದು ತಡವರಿಸುತ್ತಾನೆ. ಏನೇನೋ ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿದೆ. ಬದುಕಿನಲ್ಲಿ ಇದೊಂದಾದರೂ ಸರಿಯಾಗಿ ಆಗಲಿ ಅನ್ನುವ ಆಸೆ. ಕೊನೆಗೆ ಇಬ್ಬರೂ ಹಣೆಗೆ ಹಣೆ ತಾಗಿಸಿ ನಿಲ್ಲುತ್ತಾರೆ, ಅಷ್ಟೆ. ಮೈ ತೋರಿಸಿದ ಎಷ್ಟೋ ದೃಶ್ಯಗಳು ಮರೆತುಹೋದವು. ಈ ಹಣೆ ತಾಗಿಸಿದ್ದನ್ನು ಅಭಿಮಾನಿಗಳು ಮರೆತಿಲ್ಲ.

ಇನ್ನು 2023ರ 'ಬಾಲ್ಡರ್ಸ್ ಗೇಟ್ 3'. ಮೊದಲೇ ಹೇಳಿಬಿಡ್ತೀನಿ, ಇದು ದೊಡ್ಡವರ ಆಟ, ಮಕ್ಕಳ ಕೈಗೆ ಅಲ್ಲ. ನಗ್ನತೆ ಕಾಣದಂತೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಆದರೂ. ಇದರಲ್ಲಿ ಆಸ್ಟೇರಿಯನ್ ಅಂತ ರಕ್ತ ಹೀರುವ ಚೆಲುವನೊಬ್ಬನಿದ್ದಾನೆ. ಶುರುವಿನಿಂದಲೇ ಮೈಮೇಲೆ ಬೀಳುವಂಥ ಮಾತು, ಕಣ್ಣಲ್ಲೇ ಕರೆಯುವ ಚಾಳಿ. ಬೇಗ ಹಾಸಿಗೆಗೂ ಬರುತ್ತಾನೆ. ಅಯ್ಯೋ, ಇಷ್ಟೇನಾ ಅನ್ನಿಸುತ್ತದೆ. ಮುಂದೆ ಗೊತ್ತಾಗುತ್ತದೆ: ಇನ್ನೂರು ವರ್ಷ ಒಬ್ಬ ಕ್ರೂರಿ ಒಡೆಯ ಇವನನ್ನು ಗುಲಾಮನಾಗಿ ಇಟ್ಟುಕೊಂಡು, ಇವನ ರೂಪ ಮುಂದೊಡ್ಡಿ ಬೇಟೆ ಹಿಡಿಸುತ್ತಿದ್ದ. ನಿಮಗೆ ಆಡಿದ ಸರಸದ ಮಾತೂ ಜೀವ ಉಳಿಸಿಕೊಳ್ಳುವ ಅದೇ ಹಳೇ ಉಪಾಯ.

ಕಥೆಯ ನಡುವೆ ಒಬ್ಬಳು ಬಂದು, ಬೇಕಾದ್ದು ಕೊಡ್ತೀನಿ, ಇವನು ನನ್ನ ಕುತ್ತಿಗೆ ಕಚ್ಚಲಿ ಅನ್ನುತ್ತಾಳೆ. ಅವನಿಗೆ ಇಷ್ಟವಿಲ್ಲ. ನೀವು ಒತ್ತಾಯಿಸಬಹುದು, ಒಳ್ಳೆಯ ಲಾಭ ಇದೆ. ಒತ್ತಾಯಿಸಿದರೆ ಅವನ ಮನಸ್ಸು ಮುರಿಯುತ್ತದೆ. 'ನಿನ್ನಿಷ್ಟ' ಅಂತ ಅವನ ಪರ ನಿಂತರೆ, ಆಮೇಲೆ ಅವನೇ ಬಂದು ನಿಜ ಒಪ್ಪಿಕೊಳ್ಳುತ್ತಾನೆ. ಆಗ ಅವನನ್ನು ಸುಮ್ಮನೆ ತಬ್ಬಿಕೊಳ್ಳುವ ಆಯ್ಕೆ ಬರುತ್ತದೆ. ಅಲ್ಲಿಂದ ಬಹಳ ದೂರದವರೆಗೆ ಆ ಸಂಬಂಧದಲ್ಲಿ ಹಾಸಿಗೆಯ ಮಾತಿಲ್ಲ. ಎಲ್ಲ ಆಟಗಳಲ್ಲಿ ಕೊನೆಗೆ ಬರುವುದು ಇಲ್ಲಿ ಮೊದಲೇ ಆಗಿಹೋಗಿತ್ತು. ನಿಜವಾದ ತುಡಿತ ಶುರುವಾದದ್ದು ಅದು ನಿಂತ ಮೇಲೆ. ಈ ಪಾತ್ರಕ್ಕೆ ಜೀವ ತುಂಬಿದ ನೀಲ್ ನ್ಯೂಬನ್ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಪಡೆದರು.

ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ, 'ಅದೇನು ಅಸಹ್ಯ ನೋಡ್ತಿದೀಯ' ಅಂತ ರೇಗುವ ಮೊದಲು, ಯಾರನ್ನು ಆರಿಸಿಕೊಂಡೆ, ಯಾಕೆ ಅಂತ ಒಮ್ಮೆ ಕೇಳಿ ನೋಡಿ. ನಮಗೆ ಹೇಳದೇ ಇದ್ದ ಎಷ್ಟೋ ಸಂಗತಿ ಆ ಉತ್ತರದಲ್ಲಿ ಬಂದುಬಿಡುತ್ತದೆ.

ಆದರೆ ನನ್ನನ್ನು ಯಾವುದು ಹಿಡಿದು ನಿಲ್ಲಿಸಿತು ಅಂದರೆ, 2016ರ 'ಫೈರ್‌ವಾಚ್'. 1989ರ ಬೇಸಿಗೆ, ಅಮೆರಿಕದ ವಯೋಮಿಂಗ್ ಕಾಡು. ಹೆನ್ರಿ ಕಾಡ್ಗಿಚ್ಚು ಕಾಯುವ ಕೆಲಸಕ್ಕೆ ಬಂದಿದ್ದಾನೆ. ಹೆಂಡತಿ ಜೂಲಿಯಾಗೆ ಚಿಕ್ಕ ವಯಸ್ಸಿಗೇ ಮರೆವಿನ ಕಾಯಿಲೆ. ಅವಳು ಆಸ್ಟ್ರೇಲಿಯಾದಲ್ಲಿ ತಂದೆ ತಾಯಿಯ ಹತ್ತಿರ ಇದ್ದಾಳೆ. ಇವನು ಓಡಿ ಬಂದವನು, ಅಷ್ಟೇ. ದೂರದ ಇನ್ನೊಂದು ಕಾವಲು ಗೋಪುರದಲ್ಲಿ ಡೆಲೈಲಾ. ಇಬ್ಬರ ನಡುವೆ ಇರುವುದು ಒಂದು ವಾಕಿಟಾಕಿ ಮಾತ್ರ.

ಅವಳು ರೇಗಿಸುತ್ತಾಳೆ, ಕುಡಿಯುತ್ತಾಳೆ, ನಗಿಸುತ್ತಾಳೆ. ನಿಮ್ಮ ಮುಂದೆ ಎರಡು ಮೂರು ಉತ್ತರ ಬರುತ್ತವೆ, ಜೊತೆಗೆ ಒಂದು ಗೆರೆ ಕರಗುತ್ತಾ ಹೋಗುತ್ತದೆ. ಅದು ಕರಗುವುದರೊಳಗೆ ಆರಿಸಬೇಕು. ಆರಿಸದಿದ್ದರೆ ನೀವು ಸುಮ್ಮನಿದ್ದಿರಿ ಅಂತ ಅರ್ಥ, ಆ ಮೌನಕ್ಕೂ ಅವಳು ಉತ್ತರ ಕೊಡುತ್ತಾಳೆ. ಹೆಂಡತಿಯ ವಿಷಯ ಹೇಳಲೋ ಬೇಡವೋ ಅನ್ನುವುದೂ ಹೀಗೇ, ಬೆರಳು ಗುಂಡಿ ಮೇಲಿಟ್ಟು ಒದ್ದಾಡುವುದು. ಒಂದು ರಾತ್ರಿ ದೂರದಲ್ಲಿ ಕಾಡು ಉರಿಯುತ್ತಿರುತ್ತದೆ. ಇಬ್ಬರೂ ತಮ್ಮ ತಮ್ಮ ಗೋಪುರದಿಂದ ಅದೇ ಬೆಂಕಿ ನೋಡುತ್ತಾ ಮಾತಾಡುತ್ತಾರೆ. ಮಾತು ಮೆಲ್ಲಗೆ ಬೇರೆ ಕಡೆ ಹೊರಳುತ್ತದೆ, ದನಿ ತಗ್ಗುತ್ತದೆ. ಅಲ್ಲಿಗೆ ದೃಶ್ಯ ಮುಗಿಯುತ್ತದೆ. ಅದರ ಮುಂದಿನದು ನಿಮಗೆ ಬಿಟ್ಟದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ಬೆಂಕಿ ಹತ್ತಿರ ಬಂದು, ಎಲ್ಲರೂ ಕಾಡು ಬಿಡಬೇಕಾಗುತ್ತದೆ. ಹೆಲಿಕಾಪ್ಟರ್ ಬರುವುದು ಡೆಲೈಲಾಳ ಗೋಪುರಕ್ಕೇ. ಹೊಗೆಯೊಳಗೆ ಓಡಿ ಓಡಿ ಮೆಟ್ಟಿಲು ಹತ್ತಿ ಬಾಗಿಲು ತೆಗೆಯುತ್ತೀರಿ. ಅವಳ ಸಾಮಾನೆಲ್ಲ ಅಲ್ಲೇ ಇದೆ, ಅವಳಿಲ್ಲ. ಮೊದಲ ಹೆಲಿಕಾಪ್ಟರ್‌ನಲ್ಲೇ ಹೊರಟುಹೋಗಿದ್ದಾಳೆ. ಆಡಿದವರಲ್ಲಿ ಹಲವರಿಗೆ ಸಿಟ್ಟೇ ಬಂತು. ಇಷ್ಟೆಲ್ಲ ಮಾಡಿ ಮುಖವನ್ನೂ ತೋರಿಸಲಿಲ್ಲವಲ್ಲ ಅಂತ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಮೇಜಿನ ಹತ್ತಿರ ರೇಡಿಯೋ ಸದ್ದು ಮಾಡುತ್ತದೆ, ಅವಳದೇ ದನಿ. ನನ್ನ ಜೊತೆ ಬಾ ಅಂತ ಹೆನ್ರಿ ಕರೆಯಬಹುದು, ಕರೆಯದೆಯೂ ಇರಬಹುದು. ನೀನು ಹೋಗಿ ಜೂಲಿಯಾನ ನೋಡು ಅನ್ನುತ್ತಾಳೆ ಅವಳು. ಹೊರಗೆ ಹೆಲಿಕಾಪ್ಟರಿನ ರೆಕ್ಕೆ ತಿರುಗುತ್ತಿದೆ, ಆ ಸದ್ದಿನಲ್ಲಿ ಕೊನೆಯ ಮಾತು ಆರಿಸಬೇಕು, ಗೆರೆ ಕರಗುತ್ತಿದೆ.