ಕೆಂಪು ಮೂಗಿನ ಸಾರಂಗ, ಓರೆ ಕೊಂಬಿನ ಜಿಂಕೆ

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನಲ್ಲಿ ಡಿಸೆಂಬರ್ ಎಂದರೆ ಮುಂಜಾನೆಯ ಚಳಿ, ಹೊತ್ತೇರಿದಂತೆ ಬಿಸಿಲು. ಹಿಮವೆಂಬುದು ಅಲ್ಲಿನ ಮಕ್ಕಳಿಗೆ ಚಿತ್ರದಲ್ಲಿ ಮಾತ್ರ ಕಾಣುವ ವಸ್ತು. ಆದರೂ ಕ್ರಿಸ್‌ಮಸ್ ಸಮೀಪಿಸಿತೆಂದರೆ ನಾಡಿನ ಎಷ್ಟೋ ಶಿಶುವಿಹಾರಗಳ ಗೋಡೆಯ ಮೇಲೆ ಹಿಮಸಾರಂಗ ಬಂದು ನಿಲ್ಲುತ್ತದೆ. ಮೂರು ನಾಲ್ಕು ವರ್ಷದ ಕಂದಮ್ಮಗಳು ಅರ್ಥವರಿಯದೆಯೇ ಅದರ ಇಂಗ್ಲಿಷ್ ಹಾಡನ್ನು ಹಾಡುತ್ತವೆ. ಕಾಣದ ನಾಡಿನ ಈ ಪ್ರಾಣಿಯಿಂದ ಬಯಲುಸೀಮೆಯ ಮಗುವಿಗೇನು ಲಾಭವೆಂದು ಹಿರಿಯರು ಕೇಳಿದರೆ ತಪ್ಪಲ್ಲ. ಉತ್ತರ ಆ ಹಾಡಿನ ಹುಟ್ಟಿನಲ್ಲಿಯೇ ಅಡಗಿದೆ.

ಸಾಂಟಾ ಕ್ಲಾಸನ ಗಾಡಿಗೆ ಎಂಟು ಸಾರಂಗಗಳನ್ನು ಹೂಡಿದ್ದು 1823ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದ ಕವಿತೆ. ಒಂಬತ್ತನೆಯದಾದ ಕೆಂಪು ಮೂಗಿನ ರುಡಾಲ್ಫ್ ಹುಟ್ಟಿದ್ದು 1939ರಲ್ಲಿ. ಷಿಕಾಗೋದ ಮಾಂಟ್‌ಗೊಮರಿ ವಾರ್ಡ್ ಎಂಬ ವ್ಯಾಪಾರಸಂಸ್ಥೆಯು ಗಿರಾಕಿಗಳ ಮಕ್ಕಳಿಗೆ ಹಂಚಲು ಒಂದು ಕಥೆ ಬರೆಯುವಂತೆ ತನ್ನ ನೌಕರ ರಾಬರ್ಟ್ ಮೇ ಅವರಿಗೆ ಸೂಚಿಸಿತು. ಆಗ ಅವರ ಪತ್ನಿ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಬರೆದುದನ್ನೆಲ್ಲ ಮೇ ತಮ್ಮ ನಾಲ್ಕು ವರ್ಷದ ಮಗಳು ಬಾರ್ಬರಾಳಿಗೆ ಓದಿ ಹೇಳುತ್ತಿದ್ದರು. ಕಥೆ ಮುಗಿಯುವ ಮುನ್ನವೇ ಆ ತಾಯಿ ಕಣ್ಣು ಮುಚ್ಚಿದರು. ತಂದೆ ಲೇಖನಿಯನ್ನು ಕೆಳಗಿಡಲಿಲ್ಲ. ಅದೇ ವರ್ಷ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದವು. ಮುಂದೆ ಅವರ ಸೋದರಿಯ ಪತಿ ಜಾನಿ ಮಾರ್ಕ್ಸ್ ಆ ಕಥೆಗೆ ಹಾಡಿನ ರೂಪ ಕೊಟ್ಟರು. 1949ರಲ್ಲಿ ಜೀನ್ ಆಟ್ರಿ ಅದನ್ನು ಹಾಡಿದರು.

ಕಥೆ ಸರಳವಾದುದು. ಮೂಗು ಕೆಂಪೆಂದು ಒಡನಾಡಿಗಳೆಲ್ಲ ರುಡಾಲ್ಫನನ್ನು ಹೀಯಾಳಿಸುತ್ತಾರೆ, ಆಟಕ್ಕೆ ಸೇರಿಸುವುದಿಲ್ಲ. ಮಂಜು ಕವಿದ ರಾತ್ರಿಯಲ್ಲಿ ಅದೇ ಮೂಗು ದಾರಿದೀಪವಾಗುತ್ತದೆ. ಮೆಳ್ಳೆಗಣ್ಣಿನ, ತೊದಲುಮಾತಿನ, ಎಡಗೈ ಬರಹದ ಮಗು ಯಾವ ಊರಿನಲ್ಲಿಲ್ಲ? ಆದುದರಿಂದ ಈ ಕಥೆಯನ್ನು ಮಗುವಿಗೆ ತಿಳಿಯುವ ಕನ್ನಡದಲ್ಲಿ, ಚಪ್ಪಾಳೆಯ ತಾಳಕ್ಕೆ ಹೊಂದುವಂತೆ ಹೇಳಬೇಕು. ಇದು ಹೊಸ ಮಾತೇನಲ್ಲ. ನಿಘಂಟುಕಾರ ಕಿಟ್ಟೆಲ್ ಅವರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನೇ ಕನ್ನಡದ ಪದ್ಯದಲ್ಲಿ ಹೇಳಿದರು.

ಹಾಡಿನ ಜೊತೆಗೆ ಕೈಗೂ ಕೆಲಸ ಬೇಕು. ಮಗುವಿನ ಪಾದವನ್ನು ಹಾಳೆಯ ಮೇಲಿರಿಸಿ ಸುತ್ತ ಗೆರೆ ಎಳೆದರೆ ಸಾರಂಗದ ಮುಖ. ಹಿಮ್ಮಡಿಯ ಮೇಲ್ಗಡೆ ಎರಡು ಅಂಗೈಗಳ ಗುರುತು ಒತ್ತಿದರೆ ಕವಲೊಡೆದ ಕೊಂಬು. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿದರೆ ಬಣ್ಣ, ಮೈದಾಹಿಟ್ಟನ್ನು ಕುದಿಸಿದರೆ ಅಂಟು. ಮೂಗಿಗೆ ಕೆಂಪು ಕಾಗದದ ಚೂರು ಸಾಕು. ಗುಲಗಂಜಿಯನ್ನು ಮಾತ್ರ ಬಳಸಲೇಬಾರದು, ಅದು ವಿಷಬೀಜ. ಗುಂಡಿ, ಮಣಿಗಳನ್ನು ಎಳೆಯ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಭಯವುಂಟು.

ಪಕ್ಕದಲ್ಲಿಯೇ ನಮ್ಮ ಕೃಷ್ಣಮೃಗವನ್ನೂ ನಿಲ್ಲಿಸಬಹುದು. ಚಿತ್ರದುರ್ಗಕ್ಕೆ ನೆರೆಯಾದ ತುಮಕೂರು ಜಿಲ್ಲೆಯಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಅದರ ಹಿಂಡುಗಳಿವೆ. ಹಿಮಸಾರಂಗದ ಕೊಂಬು ಕವಲೊಡೆದುದು, ವರ್ಷಕ್ಕೊಮ್ಮೆ ಉದುರುವುದು, ಹೆಣ್ಣಿಗೂ ಉಂಟು. ಕೃಷ್ಣಮೃಗದ ಗಂಡಿನ ಕೊಂಬು ತಿರುಚಿ ಬೆಳೆದುದು, ಉದುರದು. ಒಂದಕ್ಕೆ ಕವಲುಕಡ್ಡಿ, ಇನ್ನೊಂದಕ್ಕೆ ಹುರಿಮಾಡಿದ ಕಾಗದ. ಬೇರೆ ಪಾಠವೇಕೆ?

ಕೊನೆಯ ಮಾತು ದೊಡ್ಡವರಿಗೆ. ಮಗು ಮಾಡಿದ ಜಿಂಕೆಯ ಕೊಂಬು ಓರೆಯಾಗುತ್ತದೆ, ಮೂಗು ಕೆನ್ನೆಗೆ ಅಂಟುತ್ತದೆ. ಅದನ್ನು ಕಿತ್ತು ನೆಟ್ಟಗೆ ಮಾಡಲು ತಾಯಿಯ ಕೈ ತುಡಿಯುತ್ತದೆ. ಗೋಡೆಗೆ ಅಂದವಾದುದನ್ನಷ್ಟೇ ಆರಿಸಿ ಅಂಟಿಸಲು ಶಿಕ್ಷಕಿಯ ಮನಸ್ಸು ಹವಣಿಸುತ್ತದೆ. ಹಾಗೆ ಮಾಡಿದೊಡನೆ ರುಡಾಲ್ಫನನ್ನು ಆಟದಿಂದ ಹೊರಗಿಟ್ಟವರ ಸಾಲಿಗೆ ಅವರೂ ಸೇರಿದಂತೆ. ಹಾಡಿನ ಅರ್ಥ ಮಗುವಿಗೆ ತಿಳಿಯಬೇಕಾದರೆ ಓರೆಕೊಂಬಿನ ಜಿಂಕೆಗೂ ಗೋಡೆಯ ಮೇಲೆ ಜಾಗವಿರಬೇಕು.